ಹುಬ್ಬಳ್ಳಿಯಲ್ಲಿ ಬಿಸಿಲು, ಮುಂಬೈಯಲ್ಲಿ ಕ್ಯೂ: ವಿಮಾನ ಹೊರಡೋದು ತಡ ಯಾಕೆ?

ದಾವಣಗೆರೆ: ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೂ ಸರಕು ತರಲು ಮುಂಬೈಗೆ ಹೋಗುವ ವ್ಯಾಪಾರಿಗಳು, ಹೊರದೇಶದಲ್ಲಿರುವ ಮಕ್ಕಳನ್ನು ನೋಡಲು ಹೊರಟ ಹಿರಿಯರು ದಾವಣಗೆರೆ, ಹರಿಹರದಿಂದ ಹುಬ್ಬಳ್ಳಿ, ಶಿವಮೊಗ್ಗ ಇಲ್ಲವೇ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಇವರಲ್ಲಿ ಹಲವರಿಗೆ ಆಗುವ ಅನುಭವ ಒಂದೇ. ಬಿಸಿಲು ಚೆನ್ನಾಗಿದೆ, ಎಲ್ಲರೂ ಹತ್ತಿ ಕೂತಾಗಿದೆ, ಬಾಗಿಲೂ ಹಾಕಿಯಾಗಿದೆ. ಆದ್ರೂ ವಿಮಾನ ಕದಲಲ್ಲ. ಕೇಳಿದ್ರೆ ‘ಎಟಿಸಿ ಅನುಮತಿ ಬಂದಿಲ್ಲ’ ಅನ್ನೋ ಉತ್ತರ.

ಎಷ್ಟೋ ಸಲ ಇದು ನೆಪ ಅಲ್ಲ. ತೊಂದರೆ ಇರುವುದು ಹೊರಡುವ ಊರಲ್ಲಲ್ಲ, ಇಳಿಯುವ ಊರಲ್ಲಿ.

ಎಪಿಎಂಸಿ ಗೇಟಿನ ಲೆಕ್ಕ

ಮೆಕ್ಕೆಜೋಳದ ಸುಗ್ಗಿಯಲ್ಲಿ ಎಲ್ಲ ಟ್ರ್ಯಾಕ್ಟರ್‌ಗಳೂ ಒಂದೇ ಹೊತ್ತಿಗೆ ಎಪಿಎಂಸಿ ಗೇಟಿಗೆ ಬಂದರೆ ಏನಾಗುತ್ತೆ? ಸಾಲು ರಸ್ತೆಗೆ ಬರುತ್ತೆ, ಡೀಸೆಲ್ ದಂಡ. ಅದರ ಬದಲು ‘ನಿಮ್ಮ ಲೋಡು 11 ಗಂಟೆಗೆ, ಅಲ್ಲಿವರೆಗೆ ಊರಲ್ಲೇ ಇರಿ’ ಎಂದು ಮೊದಲೇ ಫೋನ್ ಬಂದರೆ? ಕಾಯೋದು ತಪ್ಪಲ್ಲ, ಕಾಯೋ ಜಾಗ ಬದಲಾಗುತ್ತೆ. ಖರ್ಚು ಉಳಿಯುತ್ತೆ.

ವಿಮಾನದ ವಿಷಯದಲ್ಲೂ ಇದೇ ಲೆಕ್ಕ. ಇದಕ್ಕೆ ವಾಯು ಸಂಚಾರ ಹರಿವು ನಿರ್ವಹಣೆ ಎಂದು ಹೆಸರು. ವ್ಯತ್ಯಾಸ ಒಂದೇ: ಟ್ರ್ಯಾಕ್ಟರ್ ಎಂಜಿನ್ ಆಫ್ ಮಾಡಿ ನಿಲ್ಲಬಹುದು. ಆಕಾಶದಲ್ಲಿರೋ ವಿಮಾನಕ್ಕೆ ಆ ಅವಕಾಶ ಇಲ್ಲ. ಸುತ್ತು ಹಾಕುತ್ತಲೇ ಇರಬೇಕು.

ಸುತ್ತು ಹಾಕಿದರೆ ಎಷ್ಟು ನಷ್ಟ?

ಮುಂಬೈ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಂದು ಹೊತ್ತಿಗೆ ಒಂದನ್ನೇ ಬಳಸಬೇಕು. ಅಲ್ಲಿ ವಿಮಾನಗಳು 40ರಿಂದ 60 ನಿಮಿಷ ಆಕಾಶದಲ್ಲೇ ಸುತ್ತಬೇಕಾಗುತ್ತಿದೆ ಎಂದು ಕೇಂದ್ರ ಸರ್ಕಾರವೇ 2024ರ ಫೆಬ್ರವರಿಯಲ್ಲಿ ಹೇಳಿತ್ತು. ಇಷ್ಟು ಹೊತ್ತಿಗೆ ಒಂದು ವಿಮಾನ ಸುಡುವ ಇಂಧನ 1,700ರಿಂದ 2,500 ಲೀಟರ್. ಬೆಲೆ ಸುಮಾರು 1.8 ಲಕ್ಷದಿಂದ 2.6 ಲಕ್ಷ ರೂಪಾಯಿ. ದಟ್ಟಣೆಯ ವೇಳೆ ಗಂಟೆಗೆ 46 ಇದ್ದ ಹಾರಾಟವನ್ನು ಆಗ 44ಕ್ಕೆ ಇಳಿಸಲಾಯಿತು. ಇಂಥ ಖರ್ಚು ಕಡೆಗೆ ಬೀಳುವುದು ಟಿಕೆಟ್ ದರದ ಮೇಲೆಯೇ.

ಸಮಯ ಕೊಡೋದು ಯಾರು?

ವಿಮಾನ ನಿಲ್ದಾಣ ಪ್ರಾಧಿಕಾರದ ಕೇಂದ್ರ ನಿಯಂತ್ರಣ ಕೇಂದ್ರ ದೆಹಲಿಯಲ್ಲಿದೆ. ಯಾವ ನಿಲ್ದಾಣಕ್ಕೆ ಯಾವ ಗಂಟೆಯಲ್ಲಿ ಎಷ್ಟು ವಿಮಾನ ಬರಲಿವೆ, ಅಲ್ಲಿ ಎಷ್ಟು ಇಳಿಯಲು ಸಾಧ್ಯ ಎಂಬ ಎರಡು ಲೆಕ್ಕವನ್ನು ಅಲ್ಲಿ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಮಂಜು, ಮಳೆ, ರನ್‌ವೇ ದುರಸ್ತಿಯಿಂದ ಇಳಿಯುವ ಸಂಖ್ಯೆ ಕಡಿಮೆಯಾದರೆ, ಹೆಚ್ಚಾದ ವಿಮಾನಗಳಿಗೆ ಹೊಸ ಟೇಕಾಫ್ ಸಮಯ ಹಂಚುತ್ತಾರೆ. ಆ ಸಮಯಕ್ಕೆ ಸಿದ್ಧ ಇಲ್ಲದಿದ್ದರೆ ಮತ್ತೆ ಹೊಸ ಸಮಯಕ್ಕೆ ಕಾಯಬೇಕು. ಅದಕ್ಕೇ ಪ್ರಯಾಣಿಕರನ್ನು ಮೊದಲೇ ಹತ್ತಿಸಿ ಕೂರಿಸೋದು.

ಸಣ್ಣ ಊರಿನ ವಿಮಾನಗಳು ಯಾಕೆ ಹೆಚ್ಚು ಕಾಯುತ್ತವೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ದುಬೈನಿಂದ ಆಗಲೇ ಹಾರಿ ಬರುತ್ತಿರುವ ವಿಮಾನವನ್ನು ನಿಲ್ಲಿಸಲಾಗದು. ಇನ್ನೂ ನೆಲದ ಮೇಲಿರುವ, ಒಂದೂವರೆ ಗಂಟೆ ದಾರಿಯ ಹುಬ್ಬಳ್ಳಿ ವಿಮಾನವನ್ನು ನಿಲ್ಲಿಸಬಹುದು.

ಬೆಂಗಳೂರಿನ ಮಂಜು

ನವೆಂಬರ್‌ನಿಂದ ಫೆಬ್ರವರಿವರೆಗೆ ಕೆಂಪೇಗೌಡ ನಿಲ್ದಾಣದಲ್ಲಿ ಬೆಳಗಿನ ಮಂಜು ಸಾಮಾನ್ಯ. ಮೊದಲು ಇಳಿಯಲು ಕನಿಷ್ಠ 550 ಮೀಟರ್ ಕಾಣಬೇಕಿತ್ತು. 2019ರ ಡಿಸೆಂಬರ್‌ನಲ್ಲಿ ಶುರುವಾದ ಎರಡನೇ ರನ್‌ವೇಗೆ ಆಮೇಲೆ ಕ್ಯಾಟ್-3ಬಿ ಉಪಕರಣ ಬಂದ ಮೇಲೆ 50 ಮೀಟರ್ ಕಂಡರೂ ಇಳಿಯಬಹುದು. ಆದರೆ ವಿಮಾನಕ್ಕೂ ಆ ಸೌಲಭ್ಯ, ಪೈಲಟ್‌ಗೂ ಆ ತರಬೇತಿ ಇರಬೇಕು. ಶಿವಮೊಗ್ಗಕ್ಕೆ ಓಡಾಡುವ ಎಟಿಆರ್‌ನಂಥ ಸಣ್ಣ ವಿಮಾನಗಳಿಗೆ ಈ ಅನುಕೂಲ ಸಿಗದು.

ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಮಾಹಿತಿ ಹರಿಯದಿದ್ದರೆ ಎಲ್ಲ ನಿಲ್ಲುತ್ತೆ. 2025ರ ನವೆಂಬರ್ 7ರಂದು ದೆಹಲಿಯಲ್ಲಿ ಹಾರಾಟದ ಸಂದೇಶಗಳನ್ನು ತಾನಾಗಿಯೇ ರವಾನಿಸುವ ವ್ಯವಸ್ಥೆ ಕೈಕೊಟ್ಟಿತು. ಸಿಬ್ಬಂದಿ ಕೈಯಾರೆ ಕೆಲಸ ಮಾಡಬೇಕಾಗಿ ಬಂದು 800ಕ್ಕೂ ಹೆಚ್ಚು ವಿಮಾನ ತಡವಾದವು. ಹೊಸ ಸಾಫ್ಟ್‌ವೇರ್‌ನಷ್ಟೇ ಬದಲಿ ವ್ಯವಸ್ಥೆಯೂ ಮುಖ್ಯ ಎಂಬುದಕ್ಕೆ ಇದೇ ಸಾಕ್ಷಿ.

ಪ್ರಯಾಣಿಕರು ತಿಳಿದಿರಬೇಕಾದ್ದು

* ಎಟಿಸಿ ಅಥವಾ ಹವಾಮಾನದಿಂದ ತಡವಾದರೆ ವಿಮಾನ ಕಂಪನಿ ಪರಿಹಾರದ ಹಣ ಕೊಡಬೇಕೆಂಬ ನಿಯಮ ಇಲ್ಲ.
* ಆದರೆ ಎರಡೂವರೆ ಗಂಟೆಯೊಳಗಿನ ಪ್ರಯಾಣಕ್ಕೆ 2 ಗಂಟೆಗಿಂತ ಹೆಚ್ಚು ಕಾಯಬೇಕಾದರೆ ತಿಂಡಿ-ಪಾನೀಯ ಕೇಳಬಹುದು.
* 6 ಗಂಟೆ ಮೀರುವಂತಿದ್ದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸ್ ಕೇಳಬಹುದು.
* ಬೆಂಗಳೂರು ಅಥವಾ ಮುಂಬೈಯಲ್ಲಿ ವಿಮಾನ ಬದಲಿಸುವವರು ಎರಡೂ ಪ್ರಯಾಣವನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸುವುದು ಒಳ್ಳೆಯದು. ಬೇರೆ ಬೇರೆ ಟಿಕೆಟ್ ಇದ್ದು ಮೊದಲ ವಿಮಾನ ತಡವಾದರೆ ಎರಡನೆಯದರ ದುಡ್ಡು ಹೋದಂತೆಯೇ.
* ಹೊರಡುವ ಮುನ್ನ ಇಳಿಯುವ ಊರಿನ ಹವಾಮಾನವನ್ನೂ ನೋಡಿಕೊಳ್ಳಿ. ಚಳಿಗಾಲದಲ್ಲಿ ಬೆಂಗಳೂರಿಗೆ ಬೆಳಗಿನ ಜಾವದ ವಿಮಾನಕ್ಕಿಂತ 10 ಗಂಟೆ ನಂತರದ್ದು ವಾಸಿ.