ಎಂಬತ್ತಕ್ಕೆ ಒಂದು ರೂಪಾಯಿ: ಒಂದು ಗಣಿ ಊರಿನ ಕಥೆ

ಜೊತೆಲಿ ಕೆಲಸ ಮಾಡೋರಿಗೆ ಪೆಟ್ಟಾದ್ರೆ ನಾವೇನು ಮಾಡ್ತೀವಿ? ಎಲ್ಲರೂ ಸೇರಿ ಕೈಲಾದಷ್ಟು ದುಡ್ಡು ಹಾಕ್ತೀವಿ. ಒಳ್ಳೇ ಕೆಲಸ. ಆದ್ರೆ ಅದೇ ದುಡ್ಡನ್ನ ಪೆಟ್ಟಾಗೋ ಮುಂಚೆಯೇ ಕೂಡಿಟ್ರೆ?

ಬ್ರಿಟನ್ನಿನ ವೇಲ್ಸ್‌ನಲ್ಲಿ ಟ್ರೆಡೀಗರ್ ಅಂತ ಒಂದು ಊರಿದೆ. ಒಂದು ಕಾಲದಲ್ಲಿ ಅದು ಕಲ್ಲಿದ್ದಲು ಗಣಿ, ಕಬ್ಬಿಣದ ಕಾರ್ಖಾನೆಗಳ ಊರಾಗಿತ್ತು. ಅಪಘಾತ, ಶ್ವಾಸಕೋಶದ ಕಾಯಿಲೆ ಅಲ್ಲಿ ಪ್ರತಿ ಮನೆಯ ಭಯವಾಗಿತ್ತು.

1890ರ ಹೊತ್ತಿಗೆ ಅಲ್ಲಿನ ಕಾರ್ಮಿಕರು ವೈದ್ಯಕೀಯ ನೆರವಿನ ಸಂಘ ಕಟ್ಟಿಕೊಂಡ್ರು. ಕೂಲಿಯ ಪ್ರತಿ ಪೌಂಡಿಗೆ 3 ಪೆನ್ಸ್ ವಂತಿಗೆ. ಆಗ ಒಂದು ಪೌಂಡಿಗೆ 240 ಪೆನ್ಸ್. ಅಂದ್ರೆ 80 ರೂಪಾಯಿ ದುಡಿದವರು 1 ರೂಪಾಯಿ ಕೊಟ್ಟ ಹಾಗೆ.

ಆ ದುಡ್ಡಲ್ಲಿ ಡಾಕ್ಟರು, ನರ್ಸು, ಹಲ್ಲಿನ ಚಿಕಿತ್ಸೆ, ಕನ್ನಡಕ ಎಲ್ಲ ಸಿಗ್ತಿತ್ತು. ದುಡಿಯೋರಿಗಷ್ಟೇ ಅಲ್ಲ, ಮನೆಮಂದಿಗೂ.

ಅದೇ ಊರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗಣಿಗಿಳಿದ ಅನ್ಯೂರಿನ್ ಬೆವನ್ ಮುಂದೆ ಬ್ರಿಟನ್ನಿನ ಆರೋಗ್ಯ ಮಂತ್ರಿಯಾದರು. ತಮ್ಮೂರಿನ ಸಂಘದ ದಾರಿಯನ್ನೇ ಇಡೀ ದೇಶಕ್ಕೆ ವಿಸ್ತರಿಸಿದರು. 1948ರ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯ್ತು.

ಅದೇ 1948ರಲ್ಲಿ ನಮ್ಮ ದೇಶದಲ್ಲಿ ಇಎಸ್‌ಐ, ಅಂದ್ರೆ ಕಾರ್ಮಿಕರ ರಾಜ್ಯ ವಿಮೆ ಕಾಯ್ದೆ ಬಂತು. ಈಗ ಸಂಬಳದ ಶೇ. 0.75 ಕಾರ್ಮಿಕರ ಪಾಲು, ಶೇ. 3.25 ಮಾಲೀಕರ ಪಾಲು. ಚಿಕಿತ್ಸೆ ಸಿಗುತ್ತೆ. ಕಾಯಿಲೆಯಿಂದ ಕೆಲಸಕ್ಕೆ ಹೋಗೋಕಾಗದಿದ್ರೆ, ವಂತಿಗೆಯ ಷರತ್ತು ಪೂರೈಸಿದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಕೈಗೆ ಬರುತ್ತೆ.

ನಿಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದ್ಯಾ, ಇವತ್ತೇ ನೋಡಿ. ಇಲ್ಲದಿದ್ರೆ ಯಾಕಿಲ್ಲ ಅಂತ ಕೇಳಿ. ನಿಮಗೆ ಅದು ಅನ್ವಯ ಆಗದಿದ್ರೆ ಜೊತೆಯವರೆಲ್ಲ ಒಟ್ಟಿಗೆ ಕೂತು, ಲೆಕ್ಕ ಇಡೋರನ್ನ ಆರಿಸಿ, ಈ ತಿಂಗಳಿಂದಲೇ ನಿಮ್ಮದೇ ಒಂದು ನಿಧಿ ಶುರು ಮಾಡಿ.