ಕೂನೂರಿನ ಟೀ ಹರಾಜು: ಕಂಪ್ಯೂಟರ್ ಹೇಗೆ ಬೆಲೆ ಕೂಗುತ್ತದೆ?



ಹೋದ ತಿಂಗಳು ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬಂದರು. ಕೈಯಲ್ಲಿ ಎಲೆ ತೂಕದ ಚೀಟಿ ಇತ್ತು. "ಮೇಷ್ಟ್ರೇ, ಅಂಕಿ ಓದಕ್ಕೆ ಬಂತು. ಆದ್ರೆ ಈ ರೇಟು ಯಾರು ಹಾಕ್ತಾರೆ? ಕೇಳಿದ್ರೆ ಕಂಪ್ಯೂಟರ್ ಹಾಕುತ್ತೆ ಅಂತಾರೆ" ಎಂದರು. ಒಳ್ಳೆಯ ಪ್ರಶ್ನೆ. ಕಂಪ್ಯೂಟರ್ ತಾನಾಗಿ ಬೆಲೆ ಹಾಕುವುದಿಲ್ಲ. ಹಾಗಾದರೆ ಏನು ಮಾಡುತ್ತದೆ? ನೋಡೋಣ.

ನೀವು ಕಿತ್ತ ಹಸಿ ಎಲೆ ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿ ಟೀ ಪುಡಿಯಾಗುತ್ತದೆ. ಪುಡಿ ಮೂಟೆಗಳು ಗೋದಾಮಿಗೆ ಹೋಗುತ್ತವೆ. ದಲ್ಲಾಳಿ ಕಂಪನಿಯವರು ಅದರಿಂದ ಸ್ವಲ್ಪ ಮಾದರಿ ತೆಗೆದು, ಕುದಿಸಿ, ರುಚಿ ನೋಡುತ್ತಾರೆ. ಆಮೇಲೆ ಒಂದು ಪಟ್ಟಿ ತಯಾರಿಸುತ್ತಾರೆ. ಯಾವ ಫ್ಯಾಕ್ಟರಿ, ಯಾವ ದರ್ಜೆ, ಎಷ್ಟು ಮೂಟೆ, ಎಷ್ಟು ಕಿಲೋ, ಎಲ್ಲವೂ ಅದರಲ್ಲಿ ಇರುತ್ತದೆ. ಪಟ್ಟಿಯ ಒಂದೊಂದು ಸಾಲಿಗೂ 'ಲಾಟ್' ಎಂದು ಹೆಸರು. ಲಾಟ್‌ಗಳನ್ನು ಹರಾಜಿಗೆ ಇಡುತ್ತಾರೆ.

ನಮ್ಮ ದೇಶದಲ್ಲಿ ಟೀ ಹರಾಜು ಮೊದಲು ನಡೆದದ್ದು ಕಲ್ಕತ್ತದಲ್ಲಿ, 1861ರಲ್ಲಿ. ಕೊಚ್ಚಿಯಲ್ಲಿ 1947ರಲ್ಲಿ ಶುರುವಾಯಿತು. ನಮ್ಮ ಕೂನೂರಿಗೆ 1963ರಲ್ಲಿ ಬಂತು. ಆಗೆಲ್ಲ ಬಾಯಿ ಹರಾಜು. ಒಂದು ದೊಡ್ಡ ಕೋಣೆ, ಸಾಲಾಗಿ ಕುಳಿತ ವ್ಯಾಪಾರಿಗಳು, ಮುಂದೆ ಸುತ್ತಿಗೆ ಹಿಡಿದ ಹರಾಜುದಾರ. ಒಬ್ಬರು ಕೂಗಿದರೆ ಇನ್ನೊಬ್ಬರು ಏರಿಸುವರು. ಸುತ್ತಿಗೆ ಬಿತ್ತೆಂದರೆ ಮುಗಿಯಿತು. ಒಂದು ಲಾಟಿಗೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ! ಈ ವೇಗವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಾಯಿ ಹರಾಜಿನಲ್ಲಿ ಒಂದು ತೊಂದರೆ ಇತ್ತು. ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತಾರೆ, ಎಲ್ಲರಿಗೂ ಎಲ್ಲರ ಮುಖ ಗೊತ್ತು. "ನೀನು ಏರಿಸಬೇಡ, ಅರ್ಧ ಅರ್ಧ ಹಂಚಿಕೊಳ್ಳೋಣ" ಎಂದು ಕಣ್ಣಲ್ಲೇ ಹೇಳಬಹುದು. ಪೈಪೋಟಿ ಕಡಿಮೆಯಾದರೆ ಬೆಲೆ ಇಳಿಯುತ್ತದೆ. ನಷ್ಟ ಯಾರಿಗೆ? ಕೊನೆಗೆ ಎಲೆ ಕಿತ್ತವರಿಗೆ ತಾನೇ!

ಅದಕ್ಕೇ ಕಂಪ್ಯೂಟರ್ ಬಂತು. 2000ರ ನಂತರದ ಮೊದಲ ವರ್ಷಗಳಲ್ಲೇ ಕೂನೂರಿನ 'ಟೀಸರ್ವ್' ಎಂಬ ಸಹಕಾರಿ ಕೇಂದ್ರ ಕಂಪ್ಯೂಟರ್ ಹರಾಜು ನಡೆಸಿತು. ಟೀ ಬೋರ್ಡಿನ ಮೊದಲ ಪ್ರಯತ್ನ ಮಾತ್ರ ನಿಲ್ಲಲಿಲ್ಲ. ಸುಮಾರು 2009ರ ಹೊತ್ತಿಗೆ ಹೊಸ ಸಾಫ್ಟ್‌ವೇರ್ ಬಂದಮೇಲೆ ಸುತ್ತಿಗೆಯ ಸದ್ದು ನಿಂತಿತು. 2016ರಿಂದ ದೇಶದ ಯಾವುದೇ ಊರಿನಲ್ಲಿ ಹೆಸರು ನೋಂದಾಯಿಸಿದ ವ್ಯಾಪಾರಿ ಕೂನೂರಿನ ಟೀಗೂ ಬೆಲೆ ಹೇಳಬಹುದು ಎಂದಾಯಿತು. ಗುಜರಾತಿನಲ್ಲಿ ಕುಳಿತವರು ನಮ್ಮ ಟೀಗೆ ಬೆಲೆ ಬರೆಯುತ್ತಾರೆ. ಯಾರು ಬರೆದರು ಎಂಬುದು ಇನ್ನೊಬ್ಬ ವ್ಯಾಪಾರಿಗೆ ಕಾಣುವುದಿಲ್ಲ, ಅಂಕಿ ಮಾತ್ರ ಕಾಣುತ್ತದೆ.

ಹಾಗಾದರೆ ಎಲ್ಲ ಸರಿಹೋಯಿತೇ? ಇಲ್ಲ. ಸಾಫ್ಟ್‌ವೇರ್ ಎಂದರೆ ಹೇಳಿದ ಕೆಲಸ ಮಾಡುವ ಒಬ್ಬ ಗುಮಾಸ್ತ ಎಂದುಕೊಳ್ಳಿ. ಗುಮಾಸ್ತ ನಿಧಾನಿಯಾದರೆ? ಸುತ್ತಿಗೆಯ ಕಾಲದಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಪರದೆಯ ಮುಂದೆ ಕಾಯಬೇಕಾದರೆ ವ್ಯಾಪಾರಿಗೆ ಬೇಸರ. ಬೇಸರವಾದವರು ಎದ್ದು ಹೋದರೆ ಬೆಲೆ ಏರಿಸುವ ಕೈ ಕಡಿಮೆ. ಆದ್ದರಿಂದ ಹಲವು ಲಾಟ್‌ಗಳನ್ನು ಒಟ್ಟಿಗೆ ಪರದೆಯ ಮೇಲೆ ತೆರೆದು, ಇಂತಿಷ್ಟು ಹೊತ್ತು ಎಂದು ಗಡುವು ಇಡುತ್ತಾರೆ. ಆಗ ಇನ್ನೊಂದು ತಾಪತ್ರಯ. ಗಡುವಿನ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಗುಂಡಿ ಒತ್ತುತ್ತಾರೆ. ನಮ್ಮ ಬೆಟ್ಟದ ಕಡೆ ಮಳೆ ಗಾಳಿ ಬಂದರೆ ಕರೆಂಟು, ನೆಟ್ಟು ಎರಡೂ ಹೇಳಿ ಕೇಳಿ ಹೋಗುತ್ತವಾ? ಹೆಚ್ಚು ಬೆಲೆ ಹೇಳಿದವನ ಅಂಕಿ ತಡವಾಗಿ ತಲುಪಿದರೆ ಲಾಟ್ ಕಡಿಮೆ ಬೆಲೆಗೆ ಹೋಗಿಬಿಡುತ್ತದೆ.

ಬಳಸಲು ಸುಲಭವೇ ಎಂಬುದು ಇನ್ನೊಂದು ಪ್ರಶ್ನೆ. 98 ಎಂದು ಒತ್ತುವ ಬದಲು 89 ಒತ್ತಿದರೆ ಕಥೆ ಮುಗಿಯಿತು. "ಇದೇ ಬೆಲೆ ಹೌದೇ?" ಎಂದು ಮತ್ತೆ ಕೇಳುವ ಪರದೆ ಒಳ್ಳೆಯದು. ಆದರೆ ಪ್ರತಿಸಲ ಕೇಳುತ್ತಾ ಕುಳಿತರೆ ಗಡುವು ದಾಟುತ್ತದೆ. ವೇಗವೂ ಬೇಕು, ಎಚ್ಚರವೂ ಬೇಕು. ನನ್ನ ಮಟ್ಟಿಗೆ, ನಿಯಮ ಬದಲಾದಾಗಲೆಲ್ಲ ಸಣ್ಣ ವ್ಯಾಪಾರಿಗಳಿಗೆ ಕಲಿಸಿಕೊಡದೆ ಹೊಸ ಪರದೆ ತೆರೆಯುವುದು ತಪ್ಪು. ಅಕ್ಷರ ಕಲಿಸದೆ ಪುಸ್ತಕ ಕೊಟ್ಟ ಹಾಗೆ.

ಈಗ ಚೀಟಿಗೆ ಬರೋಣ. ಹರಾಜಿನಲ್ಲಿ ಬಂದ ಸರಾಸರಿ ಬೆಲೆ ನೋಡಿ, ಆ ತಿಂಗಳ ಹಸಿ ಎಲೆಯ ಬೆಲೆಯನ್ನು ಟೀ ಬೋರ್ಡ್ ಪ್ರಕಟಿಸುತ್ತದೆ. ನಮ್ಮ ಜಿಲ್ಲೆಯ ಲೆಕ್ಕದಲ್ಲಿ ನೂರಕ್ಕೆ 65 ಪಾಲು ಎಲೆ ಕೊಟ್ಟವರಿಗೆ, 35 ಪಾಲು ಫ್ಯಾಕ್ಟರಿಗೆ. ಒಂದು ಕಿಲೋ ಪುಡಿಗೆ ನಾಲ್ಕರಿಂದ ನಾಲ್ಕೂವರೆ ಕಿಲೋ ಎಲೆ ಬೇಕು. ಪುಡಿ 100 ರೂಪಾಯಿಗೆ ಹೋಯಿತು ಎನ್ನಿ. 65 ರೂಪಾಯಿಯನ್ನು 4ರಿಂದ ಭಾಗಿಸಿದರೆ 16 ರೂಪಾಯಿ 25 ಪೈಸೆ. ನಾಲ್ಕೂವರೆಯಿಂದ ಭಾಗಿಸಿದರೆ 14 ರೂಪಾಯಿ 44 ಪೈಸೆ. ಕಿಲೋ ಎಲೆಗೆ ಬರುವುದು ಇವೆರಡರ ನಡುವೆ.

ಸರಾಸರಿ ಬೆಲೆ 10 ರೂಪಾಯಿ ಇಳಿದರೆ ಕಿಲೋ ಎಲೆಗೆ ಸುಮಾರು ಒಂದೂವರೆ ರೂಪಾಯಿ ಹೋಗುತ್ತದೆ. ತಿಂಗಳಿಗೆ 500 ಕಿಲೋ ಕೊಡುವ ಮನೆಗೆ 750 ರೂಪಾಯಿ. ಆ ಅಕ್ಕ ಈ ಲೆಕ್ಕವನ್ನು ಹಲಗೆಯ ಮೇಲೆ ತಾವೇ ಮಾಡಿದರು. ಆಮೇಲೆ ಚೀಟಿಯನ್ನು ಇನ್ನೊಮ್ಮೆ ನೋಡಿ, "ಇಲ್ಲಿ ನೀರಿಗೆ ಅಂತ ತೂಕ ಕಡಿದಿದ್ದಾರೆ, ಅದನ್ನ ನಾನು ಇಷ್ಟು ದಿನ ನೋಡೇ ಇರ್ಲಿಲ್ಲ" ಎಂದರು.

ಮಸಿನಗುಡಿ ಕಡೆಯ ಓದುಗರು "ನಮಗೆ ಟೀ ತೋಟವೇ ಇಲ್ಲ" ಎನ್ನಬಹುದು. ಭಾಗಾಕಾರ ಹಾಲಿನ ಲೆಕ್ಕಕ್ಕೂ ಅದೇ. ಎಲೆ ಕೊಡುವವರು ಮುಂದಿನ ತರಗತಿಗೆ ಈ ತಿಂಗಳ ಚೀಟಿ ತನ್ನಿ. ಟೀ ಬೋರ್ಡ್ ಹೇಳಿದ ಬೆಲೆಯನ್ನು ನಾನು ಹಲಗೆಯ ಮೇಲೆ ಬರೆದಿಟ್ಟಿರುತ್ತೇನೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದೋಣ.