ಗೋಬರ್ ಗ್ಯಾಸ್ ತೊಟ್ಟಿಯ ಎರಡನೆಯ ಫಸಲು

ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಟ ನಾಲೆಯ ನೀರು ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳನ್ನು ಮುಟ್ಟಿದ ಮೇಲೆ ಈ ಸೀಮೆಯಲ್ಲಿ ಭತ್ತ, ಕಬ್ಬುಗಳು ನೆಲೆಯೂರಿದವು. ನೀರು ಹತ್ತದ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಹಬ್ಬಿತು. ಕೊಟ್ಟಿಗೆಯ ಸಗಣಿಯನ್ನು ಉರುವಲಾಗಿ, ಈ ಬೆಳೆಗಳು ಉಳಿಸಿಹೋಗುವ ಹುಲ್ಲು, ರವದಿ, ದಂಟುಗಳನ್ನು ಗೊಬ್ಬರವಾಗಿ ಪರಿವರ್ತಿಸಲು ನೆರವಾಗುವ ಸರಳ ವ್ಯವಸ್ಥೆಯೇ ಜೈವಿಕ ಅನಿಲ ಸ್ಥಾವರ, ಅಂದರೆ ಹಳ್ಳಿಗಳಲ್ಲಿ ಎಲ್ಲರಿಗೂ ಪರಿಚಿತವಾದ ಗೋಬರ್ ಗ್ಯಾಸ್.

ಗಾಳಿಯಾಡದ ತೊಟ್ಟಿಯಲ್ಲಿ ಸಗಣಿ ಕೊಳೆಯುವಾಗ ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ಆಮ್ಲಗಳಾಗಿ ಒಡೆಯುತ್ತವೆ. ಇನ್ನೊಂದು ಬಗೆಯವು ಆ ಆಮ್ಲಗಳಿಂದ ಮೀಥೇನ್ ಎಂಬ ಉರಿಯುವ ಅನಿಲವನ್ನು ಹುಟ್ಟಿಸುತ್ತವೆ. ಹೊರಬರುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೀಥೇನ್, ಉಳಿದುದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಜಶಭಾಯಿ ಪಟೇಲರು ರೂಪಿಸಿದ, ಕಬ್ಬಿಣದ ಡ್ರಮ್ಮು ತೇಲುವ ಮಾದರಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ದೇಶದೆಲ್ಲೆಡೆ ಹಬ್ಬಿಸಿತು. 1984ರಲ್ಲಿ ಬಂದ ದೀನಬಂಧು ಮಾದರಿ ಇಟ್ಟಿಗೆಯ ಗುಮ್ಮಟವನ್ನು ನೆಲದೊಳಗೆ ಕಟ್ಟಿ, ತುಕ್ಕು ಹಿಡಿಯುವ ಡ್ರಮ್ಮಿನ ಖರ್ಚನ್ನು ಉಳಿಸಿತು.

ನಾಲ್ಕೈದು ದನಗಳಿರುವ ಮನೆಗೆ ಎರಡು ಘನ ಮೀಟರಿನ ಸ್ಥಾವರ ಹೊಂದುತ್ತದೆ. ದಿನಕ್ಕೆ ಸುಮಾರು 50 ಕೆ.ಜಿ. ಸಗಣಿಯನ್ನು ಅಷ್ಟೇ ನೀರಿನೊಡನೆ ಕಲಸುಗುಂಡಿಯಲ್ಲಿ ಕದಡಿ, ಕೈಗೆ ಸಿಕ್ಕುವ ಹುಲ್ಲುಕಡ್ಡಿ, ಕಲ್ಲುಗಳನ್ನು ಆಯ್ದು ತೆಗೆದು, ಗಂಟಿಲ್ಲದಂತೆ ಮಾಡಿ ಒಳಗೆ ಬಿಡಬೇಕು. ಹುಲ್ಲು ಸೇರಿದರೆ ಅದು ಮೇಲೆ ತೇಲಿ ಕೆನೆಗಟ್ಟಿ ಅನಿಲದ ದಾರಿಯನ್ನು ಮುಚ್ಚುತ್ತದೆ. ಕೊಳವೆಯ ತಗ್ಗಿನಲ್ಲಿ ನೀರು ನಿಂತರೆ ಒಲೆಯ ನೀಲಿ ಉರಿ ಕುಣಿಯತೊಡಗುತ್ತದೆ. ಚೆನ್ನಾಗಿ ನಡೆಯುವ ಇಂಥ ತೊಟ್ಟಿಯ ಹದಿನೈದು ಹದಿನಾರು ದಿನಗಳ ಅನಿಲ, ಅಡುಗೆ ಅನಿಲದ 14.2 ಕೆ.ಜಿ. ಸಿಲಿಂಡರಿಗೆ ಹೆಚ್ಚು ಕಡಿಮೆ ಸಮ.

ಆದರೆ ಒಳಗೆ ಹೋದ ನೂರು ಕೆ.ಜಿ.ಯಲ್ಲಿ ಅನಿಲವಾಗುವುದು ಕೆಲವೇ ಕೆ.ಜಿ.; ಉಳಿದುದೆಲ್ಲ ಬಗ್ಗಡವಾಗಿ ಹೊರಬರುತ್ತದೆ, ಮತ್ತು ರೈತನ ಲೆಕ್ಕದಲ್ಲಿ ಹಿರಿದಾಗಬೇಕಾದುದು ಈ ಬಗ್ಗಡವೇ. ಕುಳ್ಳು ತಟ್ಟಿ ಉರಿಸಿದರೆ ಸಗಣಿಯ ಸಾರಜನಕ ಹೊಗೆಯಲ್ಲಿ ಹೋಗುತ್ತದೆ; ತೊಟ್ಟಿಯಲ್ಲಿ ಅದು ಉಳಿಯುವುದಷ್ಟೇ ಅಲ್ಲ, ಅದರ ಒಂದು ಪಾಲು ಬೆಳೆ ಬೇಗ ಹೀರಿಕೊಳ್ಳಬಲ್ಲ ಅಮೋನಿಯಂ ರೂಪ ತಾಳುತ್ತದೆ. ಇದೇ ಕಾರಣಕ್ಕೆ ಬಗ್ಗಡವನ್ನು ಬಿಸಿಲಲ್ಲಿ ಹರಡಿ ಒಣಗಿಸುವುದು ದೊಡ್ಡ ನಷ್ಟ, ಅಮೋನಿಯ ಗಾಳಿಗೆ ಹಾರಿಹೋಗುತ್ತದೆ. ಭತ್ತದ ಹುಲ್ಲು, ಮೆಕ್ಕೆಜೋಳದ ದಂಟುಗಳಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ಬಹಳ ಹೆಚ್ಚು, ಆದ್ದರಿಂದ ಅವು ತಾವಾಗಿ ಬೇಗ ಕಳಿಯುವುದಿಲ್ಲ. ಅವನ್ನು ಕತ್ತರಿಸಿ ಗುಂಡಿಯಲ್ಲಿ ಪದರ ಪದರವಾಗಿ ಹಾಸಿ, ಪ್ರತಿ ಪದರದ ಮೇಲೂ ಬಗ್ಗಡ ಸುರಿದರೆ, ಒಂದರ ಕೊರತೆಯನ್ನು ಇನ್ನೊಂದು ತುಂಬಿ ಒಳ್ಳೆಯ ಗೊಬ್ಬರ ಸಿದ್ಧವಾಗುತ್ತದೆ. ಗದ್ದೆಯಲ್ಲೇ ಹುಲ್ಲಿಗೆ ಬೆಂಕಿಯಿಡುವ ರೂಢಿಗೆ ಇದಕ್ಕಿಂತ ಅಗ್ಗದ ಪರ್ಯಾಯ ಕಾಣುವುದಿಲ್ಲ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿ ಈ ಲೆಕ್ಕವನ್ನು ಊರಿನ ಮಟ್ಟದಲ್ಲಿ ನಡೆಸಿ ತೋರಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಅವರ ‘ಅಸ್ತ್ರ’ ತಂಡ ಅಲ್ಲಿ ಸಮುದಾಯದ ಸ್ಥಾವರ ಕಟ್ಟಿ ಅಡುಗೆಗೆ ಅನಿಲ ಕೊಡಲು ಹೊರಟಾಗ ಯೋಜನೆ ಕೈಗೂಡಲಿಲ್ಲ. ಊರಿನವರಿಗೆ ತುರ್ತಾಗಿ ಬೇಕಿದ್ದುದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ನೀರು, ಬೆಳಕು ಒದಗಿಸಿದ ಮೇಲೆ ಸಗಣಿ ತಾನಾಗಿ ಬಂತು. ತಂದವರಿಗೆ ತೂಕದ ಲೆಕ್ಕದಲ್ಲಿ ಹಣವೂ ಗೊಬ್ಬರವೂ ಮರಳುತ್ತಿದ್ದವು.

ದೊಡ್ಡ ಪ್ರಮಾಣದ ಸ್ಥಾವರಗಳಿಗೆ 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸತತ್’ ಯೋಜನೆ ಬಾಗಿಲು ತೆರೆದಿದೆ. ಶುದ್ಧೀಕರಿಸಿ ಒತ್ತಡದಲ್ಲಿ ತುಂಬಿದ ಅನಿಲವನ್ನು ತೈಲ ಕಂಪನಿಗಳು ಕೊಳ್ಳುವ ಈ ವ್ಯವಸ್ಥೆಯಲ್ಲಿ, ಕಬ್ಬಿನ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಮುಖ್ಯ ಕಚ್ಚಾವಸ್ತುಗಳಲ್ಲೊಂದು. ಕುಕ್ಕುವಾಡದಲ್ಲಿ ಸಕ್ಕರೆ ಕಾರ್ಖಾನೆ ಇರುವ ಈ ಸೀಮೆಗೆ ಅದು ಹೊಸ ವಸ್ತುವಲ್ಲ. ಇಂಥ ಸ್ಥಾವರಗಳ ಗೊಬ್ಬರಕ್ಕೆ ಟನ್ನಿಗೆ 1500 ರೂಪಾಯಿ ನೆರವು ನೀಡಲು 2023ರಲ್ಲಿ ತೀರ್ಮಾನವಾಯಿತು. ಆದರೂ ಬಗ್ಗಡದಲ್ಲಿ ಶೇ 90ಕ್ಕಿಂತ ಹೆಚ್ಚು ನೀರೇ ಇರುವುದರಿಂದ ಅದನ್ನು ದೂರ ಸಾಗಿಸುವುದು ದುಬಾರಿ. ಕೊಟ್ಟಿಗೆಯ ಪಕ್ಕದ ಚಿಕ್ಕ ತೊಟ್ಟಿಯಿಂದಾದರೆ ಅದು ಕಾಲುವೆಯ ನೀರಿನೊಡನೆ ಬೆರೆತು, ಸಾಗಣೆಯ ಖರ್ಚಿಲ್ಲದೆ ಗದ್ದೆ ಸೇರುತ್ತದೆ.